ಬುಡದ ಅಗಲ: ವಿಶ್ವೇಶ್ವರಯ್ಯನವರ ಬದುಕು ಮತ್ತು ಟಾರ್ಕ್ ಪಾಠ

ಪ್ರಥಮ ಪಿಯುಸಿ ಭೌತವಿಜ್ಞಾನದಲ್ಲಿ ವಿದ್ಯಾರ್ಥಿಗಳು ಹೆಚ್ಚು ಹೆದರುವ ಪಾಠಗಳಲ್ಲಿ ಭ್ರಮಣ ಚಲನೆಯೂ ಒಂದು. ಟಾರ್ಕ್ ಅಂದರೆ ಬಲವನ್ನು ಲಂಬ ದೂರದಿಂದ ಗುಣಿಸುವುದು ಎಂಬ ಸೂತ್ರ ಎಲ್ಲರಿಗೂ ಬಾಯಿಪಾಠವಾಗಿರುತ್ತದೆ. ಲೆಕ್ಕ ಸ್ವಲ್ಪ ಬದಲಾದರೆ ಸಾಕು, ಯಾವ ದೂರ, ಎಲ್ಲಿಂದ ದೂರ ಎಂದು ತಡವರಿಸುವುದು ಶುರುವಾಗುತ್ತದೆ. ಈ ಸಂಚಿಕೆಯಲ್ಲಿ ಆ ದೂರದ ವಿಷಯವನ್ನು ಒಬ್ಬ ಹಿರಿಯರ ಬದುಕಿನ ಜೊತೆ ಸೇರಿಸಿ ತಿಳಿಯೋಣ. ಅವರು ಹೊರಗಿನವರಲ್ಲ, ಹುಟ್ಟಿದಾಗ ನಮ್ಮ ಕೋಲಾರ ಜಿಲ್ಲೆಯವರೇ. ಹೆಸರು ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯ.

ಸೆಪ್ಟೆಂಬರ್ 15 ಬಂದರೆ ದೇಶವೆಲ್ಲ ಎಂಜಿನಿಯರುಗಳ ದಿನ ಆಚರಿಸುತ್ತದೆ. ಪೇಟ, ಕೋಟು, ಕನ್ನಡಕದ ಆ ಫೋಟೋಗೆ ಹಾರ ಬೀಳುತ್ತದೆ. ಅವರು ದೊಡ್ಡ ಅಣೆಕಟ್ಟು ಕಟ್ಟಿಸಿದರು ಎಂದು ಭಾಷಣಗಳಲ್ಲಿ ಕೇಳುತ್ತೇವೆ. ಆ ಅಣೆಕಟ್ಟು ಬೀಳದೆ ಯಾಕೆ ನಿಂತಿದೆ ಎಂದು ಕೇಳುವವರು ಕಡಿಮೆ. ಅದಕ್ಕೆ ಉತ್ತರ ನಿಮ್ಮ ಪಠ್ಯಪುಸ್ತಕದಲ್ಲೇ ಇದೆ.

ಮುದ್ದೇನಹಳ್ಳಿಯಿಂದ ಪುಣೆಗೆ

ವಿಶ್ವೇಶ್ವರಯ್ಯನವರು ಹುಟ್ಟಿದ್ದು 1861ರಲ್ಲಿ, ನಂದಿ ಬೆಟ್ಟದ ತಪ್ಪಲಿನ ಮುದ್ದೇನಹಳ್ಳಿಯಲ್ಲಿ. ಆ ಊರು ಈಗ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದೆ. ಆದರೆ ಆ ಜಿಲ್ಲೆಯೇ ಕೋಲಾರದಿಂದ ಬೇರೆಯಾದದ್ದು 2007ರಲ್ಲಿ. ತಂದೆ ಶ್ರೀನಿವಾಸ ಶಾಸ್ತ್ರಿ ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮ. ಮನೆಯ ಮಾತು ತೆಲುಗು, ಓದು ಕನ್ನಡ ಮತ್ತು ಇಂಗ್ಲಿಷ್. ಮನೆಯಲ್ಲಿ ಒಂದು ಮಾತು, ಬೀದಿಯಲ್ಲಿ ಇನ್ನೊಂದು, ಪುಸ್ತಕದಲ್ಲಿ ಮತ್ತೊಂದು ಎಂಬ ಸ್ಥಿತಿ ಉರ್ದು, ತೆಲುಗು, ಕನ್ನಡ ಮೂರೂ ಬೆರೆತ ನಮ್ಮ ಸೀಮೆಯ ಮಕ್ಕಳಿಗೆ ಹೊಸದೇನಲ್ಲ.

ಮೊದಲ ಓದು ಚಿಕ್ಕಬಳ್ಳಾಪುರದಲ್ಲಿ ನಡೆಯಿತು. ಹುಡುಗನಾಗಿದ್ದಾಗಲೇ ತಂದೆ ತೀರಿಕೊಂಡರು. ಬೆಂಗಳೂರಿಗೆ ಬಂದು ಬಂಧುಗಳ ಆಸರೆಯಲ್ಲಿದ್ದು, ಬೇರೆ ಮನೆಯ ಮಕ್ಕಳಿಗೆ ಪಾಠ ಹೇಳಿ ಖರ್ಚಿಗೆ ಹಣ ಹೊಂದಿಸಿಕೊಂಡು ಓದಿದರು. 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಮುಗಿಸಿದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿದ್ದರಿಂದ ಪುಣೆಗೆ ಹೋಗಿ ಎಂಜಿನಿಯರಿಂಗ್ ಓದಿದರು. 1883ರ ಪರೀಕ್ಷೆಯಲ್ಲಿ ಮೊದಲ ಸ್ಥಾನ ಬಂತು. ಮರುವರ್ಷ ಬೊಂಬಾಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಆದರು. ಒಂದು ವಿದ್ಯಾರ್ಥಿವೇತನ ಎಷ್ಟು ದೂರ ಕೊಂಡೊಯ್ಯಬಲ್ಲದು ಎಂಬುದನ್ನು ಅರ್ಜಿ ತುಂಬಲು ಬೇಸರಪಡುವ ನಮ್ಮ ವಿದ್ಯಾರ್ಥಿಗಳು ಗಮನಿಸಬೇಕು.

ಏತದ ಮರದ ಮೇಲೆ

ಅವರು ಬೆಳೆದ ಕಾಲದಲ್ಲಿ ನಮ್ಮ ಕಡೆ ಬೋರ್‌ವೆಲ್ ಇರಲಿಲ್ಲ, ಮೋಟಾರೂ ಇರಲಿಲ್ಲ. ಕೋಲಾರ ಸೀಮೆಯಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಇದ್ದದ್ದು ಕೆರೆ ಮತ್ತು ಬಾವಿ. ಬಾವಿಯಿಂದ ನೀರೆತ್ತಲು ಕಪಿಲೆ ಇತ್ತು, ಏತ ಇತ್ತು. ಕಪಿಲೆಗೆ ಎತ್ತು ಬೇಕು. ಏತಕ್ಕೆ ಆಳು ಸಾಕು. ಅಜ್ಜ ಅಜ್ಜಿಯರನ್ನು ಕೇಳಿದರೆ ಏತ ನೋಡಿದವರು ಇನ್ನೂ ಸಿಗಬಹುದು.

ಏತವೆಂದರೆ ಬಾವಿಯ ಪಕ್ಕದ ಕಂಬದ ಮೇಲೆ ಅಡ್ಡವಾಗಿ ಕೂರಿಸಿದ ಉದ್ದನೆಯ ಮರ. ಅದರ ಒಂದು ತುದಿಯಿಂದ ನೀರಿನ ಬಾನಿ ಇಳಿಬಿಟ್ಟಿರುತ್ತದೆ. ಮರದ ಮೇಲೆ ಒಬ್ಬ ಆಳು ನಿಂತು ಹಿಂದೆ ಮುಂದೆ ನಡೆಯುತ್ತಾನೆ. ಬಾನಿಯ ಕಡೆಗೆ ನಡೆದರೆ ಬಾನಿ ಬಾವಿಗೆ ಇಳಿಯುತ್ತದೆ. ಹಿಂದಕ್ಕೆ ನಡೆದರೆ ತುಂಬಿದ ಬಾನಿ ಮೇಲೆ ಬರುತ್ತದೆ. ಇಲ್ಲಿ ಗಮನಿಸಬೇಕಾದದ್ದು ಒಂದೇ. ಆಳಿನ ತೂಕ ಹೆಚ್ಚಾಗಲಿಲ್ಲ, ಕಡಿಮೆಯೂ ಆಗಲಿಲ್ಲ. ಬದಲಾದದ್ದು ಅವನು ನಿಂತ ಜಾಗ. ಟಾರ್ಕ್ ಪಾಠದ ತಿರುಳೇ ಇದು.

ಒಂದು ಲೆಕ್ಕ ಮಾಡೋಣ. ನೀರು ತುಂಬಿದ ಬಾನಿಯ ತೂಕ 200 ನ್ಯೂಟನ್, ಅದು ಕಂಬದಿಂದ 3 ಮೀಟರ್ ದೂರ ಇದೆ ಎಂದುಕೊಳ್ಳಿ. ಅದು ಮರವನ್ನು ತನ್ನ ಕಡೆಗೆ ತಿರುಗಿಸುವ ಟಾರ್ಕ್ 200 × 3 = 600 ನ್ಯೂಟನ್ ಮೀಟರ್. ಆಳಿನ ತೂಕ 500 ನ್ಯೂಟನ್ ಇರಲಿ. ಅವನು ಕಂಬದಿಂದ ಆಚೆ ಕಡೆ ಅರ್ಧ ಮೀಟರಿನಲ್ಲಿ ನಿಂತರೆ ಅವನ ಟಾರ್ಕ್ 250 ಮಾತ್ರ, ಬಾನಿ ಮೇಲೇಳುವುದಿಲ್ಲ. 1.2 ಮೀಟರಿಗೆ ಬಂದರೆ 600 ಆಗಿ ಎರಡೂ ಕಡೆ ಸರಿಸಮ. 2 ಮೀಟರಿಗೆ ಹೋದರೆ 1000 ಆಗಿ ಬಾನಿ ಮೇಲೆ ಬರುತ್ತದೆ. ಬಾನಿಗಿಂತ ಆಳು ಎರಡೂವರೆ ಪಟ್ಟು ಭಾರ. ಆದರೂ ಜಾಗ ತಪ್ಪಿದರೆ ಆ ಭಾರ ಕೆಲಸಕ್ಕೆ ಬಾರದು.

ಲೆಕ್ಕದ ಸರಳತೆಗಾಗಿ ಮರ ಅಡ್ಡಡ್ಡ ಇದೆ ಎಂದು ಹಿಡಿದಿದ್ದೇವೆ, ಮರದ ಸ್ವಂತ ತೂಕ ಬಿಟ್ಟಿದ್ದೇವೆ. ಮರ ಓರೆಯಾದಾಗ ಮರದ ಉದ್ದಕ್ಕೆ ಅಳೆದ ದೂರವನ್ನು ಹಾಗೇ ತೆಗೆದುಕೊಳ್ಳಬಾರದು. ತೂಕ ನೇರ ಕೆಳಕ್ಕೆ ಎಳೆಯುತ್ತದೆ. ಆ ಎಳೆತದ ಗೆರೆಗೆ ತಿರುಗುವ ಬಿಂದುವಿನಿಂದ ಲಂಬವಾಗಿ ಎಷ್ಟು ದೂರವೋ ಅಷ್ಟೇ ಲೆಕ್ಕಕ್ಕೆ ಬರುತ್ತದೆ. ಸೂತ್ರದಲ್ಲಿ ಸೈನ್ ಥೀಟಾ ಬರುವುದು ಇದಕ್ಕೇ. ಬಾಗಿಲನ್ನು ಕೀಲಿನ ಹತ್ತಿರ ತಳ್ಳಿದರೆ ಕಷ್ಟ, ಹಿಡಿಯ ಹತ್ತಿರ ತಳ್ಳಿದರೆ ಸುಲಭ. ಹಿಡಿಯನ್ನೇ ಹಿಡಿದು ಕೀಲಿನ ದಿಕ್ಕಿಗೆ ನೇರವಾಗಿ ಒತ್ತಿದರೆ ಎಷ್ಟು ಬಲ ಹಾಕಿದರೂ ಬಾಗಿಲು ತಿರುಗದು. ಅಲ್ಲಿ ಬಲವಿದೆ, ಲಂಬ ದೂರ ಸೊನ್ನೆ.

ಈ ಲೆಕ್ಕ ಹಳೆಯದು. ಗ್ರೀಸಿನ ಆರ್ಕಿಮಿಡೀಸ್ ಸನ್ನೆಯ ನಿಯಮವನ್ನು ಸಾಧಿಸಿ ತೋರಿಸಿದ. ಒಂಬತ್ತನೇ ಶತಮಾನದಲ್ಲಿ ಬಾಗ್ದಾದಿನ ಸಾಬಿತ್ ಇಬ್ನ್ ಕುರ್ರಾ, ಎರಡು ತೋಳುಗಳ ಉದ್ದ ಬೇರೆ ಬೇರೆಯಿರುವ ತ್ರಾಸಿನ ಬಗ್ಗೆ ಅರಬ್ಬಿಯಲ್ಲಿ ಪುಸ್ತಕ ಬರೆದರು. ಹನ್ನೆರಡನೇ ಶತಮಾನದಲ್ಲಿ ಅಲ್ ಖಾಜಿನಿ ತ್ರಾಸಿನ ಮೇಲೆಯೇ ದೊಡ್ಡ ಗ್ರಂಥ ರಚಿಸಿದರು. ನಮ್ಮ ಏತ ಕಟ್ಟಿದವರ ಹೆಸರು ಯಾವ ಗ್ರಂಥದಲ್ಲೂ ಇಲ್ಲ. ಆದರೆ ಅವರ ಕೈಗೆ ಇದೇ ನಿಯಮ ಗೊತ್ತಿತ್ತು.

ತಾನಾಗಿ ತೆರೆಯುವ ಗೇಟು

ಬೊಂಬಾಯಿ ಪ್ರಾಂತದಲ್ಲಿ ವಿಶ್ವೇಶ್ವರಯ್ಯನವರು ನಾಸಿಕ್, ಪುಣೆ ಮುಂತಾದ ಕಡೆ ದುಡಿದರು. ಸಿಂಧ್‌ನ ಸಕ್ಕರ್ ಪಟ್ಟಣಕ್ಕೆ ಸಿಂಧೂ ನದಿಯಿಂದ ಕುಡಿಯುವ ನೀರು ಕೊಡುವ ಕೆಲಸ ಮುಗಿಸಿದರು. ಪುಣೆಯ ಹತ್ತಿರದ ಖಡಕ್‌ವಾಸ್ಲಾ ಜಲಾಶಯದಲ್ಲಿ ಅವರಿಗೆ ಒಂದು ವಿಚಿತ್ರ ಸಮಸ್ಯೆ ಎದುರಾಯಿತು. ಮಳೆಗಾಲದಲ್ಲಿ ಹೆಚ್ಚಿನ ನೀರು ಕೋಡಿ ಬಿದ್ದು ಹರಿದು ಹೋಗುತ್ತಿತ್ತು, ಬೇಸಿಗೆಯಲ್ಲಿ ನೀರು ಸಾಲುತ್ತಿರಲಿಲ್ಲ. ಕೋಡಿಯ ಮೇಲೆ ಗೋಡೆ ಎತ್ತರಿಸಿದರೆ ಇನ್ನಷ್ಟು ನೀರು ನಿಲ್ಲುತ್ತದೆ ನಿಜ. ಆದರೆ ಪ್ರವಾಹ ಬಂದಾಗ ನೀರಿಗೆ ಹೊರಹೋಗಲು ದಾರಿಯಿಲ್ಲದೆ ಹಳೆಯ ಕಟ್ಟೆಗೇ ಅಪಾಯ.

ಅವರು ಕಂಡುಕೊಂಡ ಉಪಾಯ, ಸಾಮಾನ್ಯ ದಿನಗಳಲ್ಲಿ ಮುಚ್ಚಿದ್ದು ಪ್ರವಾಹ ಬಂದಾಗ ತಾನಾಗಿ ತೆರೆಯುವ ಗೇಟು. ಅದರ ಒಳಗುಟ್ಟು ತ್ರಾಸಿನದೇ. ಒಂದು ಕಡೆ ಗೇಟಿನ ಭಾರ, ಇನ್ನೊಂದು ಕಡೆ ಅದಕ್ಕೆ ಸರಿತೂಗುವ ಗುಂಡು, ನಡುವೆ ರಾಟೆ. ರಾಟೆಯ ನಡುವಿನಿಂದ ಎರಡೂ ಸರಪಳಿಗಳಿಗೆ ದೂರ ಒಂದೇ. ಆದ್ದರಿಂದ ಯಾವ ಕಡೆ ಎಳೆತ ಹೆಚ್ಚೋ ಆ ಕಡೆಗೆ ರಾಟೆ ತಿರುಗುತ್ತದೆ. ಗುಂಡು ಇರುವುದು ಒಂದು ತೊಟ್ಟಿಯಲ್ಲಿ. ಜಲಾಶಯದ ನೀರು ಗೊತ್ತುಮಾಡಿದ ಮಟ್ಟ ಮುಟ್ಟಿದಾಗ ಆ ತೊಟ್ಟಿಗೆ ನೀರು ಬರುತ್ತದೆ. ನೀರಿನಲ್ಲಿ ಮುಳುಗಿದ ವಸ್ತು ಹಗುರವಾಗುತ್ತದೆ ಎಂಬುದು ನಿಮಗೆ ಗೊತ್ತು. ನೀರಿಗಿಂತ ಎರಡೂವರೆ ಪಟ್ಟು ಸಾಂದ್ರವಾದ ಕಲ್ಲು ಪೂರ್ತಿ ಮುಳುಗಿದರೆ ಅದರ ತೂಕದಲ್ಲಿ ನೂರಕ್ಕೆ ನಲವತ್ತು ಭಾಗ ಕಡಿಮೆಯಾದಂತೆ ತೋರುತ್ತದೆ. ಗುಂಡಿನ ಕಡೆಯ ಎಳೆತ ತಗ್ಗಿದ ಕೂಡಲೇ ತ್ರಾಸು ವಾಲುತ್ತದೆ, ಗೇಟು ಸರಿದು ನೀರಿಗೆ ದಾರಿ ಬಿಡುತ್ತದೆ. ಮಟ್ಟ ಇಳಿದ ಮೇಲೆ ತೊಟ್ಟಿ ಬರಿದಾಗಿ ಗುಂಡಿಗೆ ತನ್ನ ಭಾರ ಮರಳುತ್ತದೆ, ಗೇಟು ಮುಚ್ಚುತ್ತದೆ. ಮನುಷ್ಯರ ಕೈ ಬೇಕಿಲ್ಲ, ಯಂತ್ರವೂ ಬೇಕಿಲ್ಲ.

1903ರಲ್ಲಿ ಈ ಗೇಟುಗಳನ್ನು ಖಡಕ್‌ವಾಸ್ಲಾದಲ್ಲಿ ಅಳವಡಿಸಿದರು. ಮುಂದೆ ಗ್ವಾಲಿಯರ್‌ನ ತಿಗ್ರಾ ಅಣೆಕಟ್ಟಿಗೂ ಕೃಷ್ಣರಾಜಸಾಗರಕ್ಕೂ ಸ್ವಯಂಚಾಲಿತ ಗೇಟುಗಳು ಬಂದವು. ಈ ವಿನ್ಯಾಸಕ್ಕೆ ಅವರ ಹೆಸರಿನಲ್ಲಿ ಪೇಟೆಂಟ್ ಇತ್ತು. ಆದರೆ ಸರ್ಕಾರಿ ನೌಕರಿಯಲ್ಲಿದ್ದು ಮಾಡಿದ ಕೆಲಸಕ್ಕೆ ಸಂಬಳದ ಮೇಲೆ ಬೇರೆ ಹಣ ಸಲ್ಲದೆಂದು ಅವರು ರಾಯಧನ ಪಡೆಯಲಿಲ್ಲ.

ಸರಿತೂಗುವ ಗುಂಡು, ಸರಪಳಿಗಳ ಮಹತ್ವ ಇಂದಿಗೂ ಕಡಿಮೆಯಾಗಿಲ್ಲ. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿ ಹೋಯಿತು. ಒಂದು ಕಡೆಯ ಎಳೆತ ಇಲ್ಲವಾದರೆ ಏನಾಗುತ್ತದೆ ಎಂಬುದನ್ನು ಇಡೀ ರಾಜ್ಯ ಆ ವಾರ ಟಿವಿಯಲ್ಲಿ ನೋಡಿತು.

ಮೂಸಿಯಿಂದ ಕಾವೇರಿಗೆ

1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದ್ ನಗರದಲ್ಲಿ ಸಾವಿರಾರು ಜನ ಸತ್ತರು. ನಿಜಾಮರ ಸರ್ಕಾರ ವಿಶ್ವೇಶ್ವರಯ್ಯನವರನ್ನು ಕರೆಸಿಕೊಂಡಿತು. ನಗರದ ಮೇಲ್ಭಾಗದಲ್ಲಿ ನೀರನ್ನು ತಡೆದು ನಿಲ್ಲಿಸಬೇಕೆಂದು ಅವರು ಯೋಜನೆ ಕೊಟ್ಟರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಎಂಬ ಎರಡು ಜಲಾಶಯಗಳು ಆ ಯೋಜನೆಯ ಫಲ. 1909ರಲ್ಲಿ ಅವರು ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿ ಬಂದರು.

ಆಗ ಮೈಸೂರಿನ ಮುಂದಿದ್ದ ದೊಡ್ಡ ಪ್ರಶ್ನೆಗೂ ನಮ್ಮ ಜಿಲ್ಲೆಗೂ ನೇರ ಸಂಬಂಧವಿತ್ತು. ಶಿವನಸಮುದ್ರದಲ್ಲಿ ತಯಾರಾದ ವಿದ್ಯುತ್ 1902ರಿಂದ ಕೋಲಾರದ ಚಿನ್ನದ ಗಣಿಗಳಿಗೆ ಬರುತ್ತಿತ್ತು. ಬೇಸಿಗೆಯಲ್ಲಿ ಕಾವೇರಿಯ ನೀರು ಇಳಿದರೆ ವಿದ್ಯುತ್ತೂ ಇಳಿಯುತ್ತಿತ್ತು. ಮಂಡ್ಯ ಸೀಮೆಯ ಹೊಲಗಳಿಗೂ ನೀರು ಬೇಕಿತ್ತು. ಮಳೆಗಾಲದ ನೀರನ್ನು ಕನ್ನಂಬಾಡಿ ಎಂಬ ಹಳ್ಳಿಯ ಬಳಿ ತಡೆದು ನಿಲ್ಲಿಸಿದರೆ ಎರಡೂ ಸಾಧ್ಯ. ಇಂಥ ಯೋಚನೆ ಮೊದಲೇ ಇತ್ತು. ಅದನ್ನು ಪೂರ್ಣ ಯೋಜನೆಯಾಗಿ ಮಾಡಿ, ಖರ್ಚಿಗೆ ಹೆದರಿದವರನ್ನು ಒಪ್ಪಿಸಿ, ಕೆಲಸಕ್ಕೆ ಇಳಿಸಿದವರು ವಿಶ್ವೇಶ್ವರಯ್ಯ. ನಾಲ್ವಡಿ ಕೃಷ್ಣರಾಜ ಒಡೆಯರು ಒಪ್ಪಿಗೆ ಕೊಟ್ಟರು. 1911ರಲ್ಲಿ ಕೆಲಸ ಶುರುವಾಯಿತು.

ನೀರು ಗೋಡೆಯನ್ನು ಉರುಳಿಸುವ ಬಗೆ

ಮುಂದಿನ ಕಥೆ ಅರ್ಥವಾಗಬೇಕಾದರೆ ಒಂದು ಸಣ್ಣ ಲೆಕ್ಕ ಬೇಕು. ಪೆನ್ನು ಹಿಡಿದು ಜೊತೆಯಲ್ಲೇ ಮಾಡಿ.

ಅಣೆಕಟ್ಟಿನ ಒಂದು ಮೀಟರ್ ಉದ್ದದ ತುಂಡನ್ನು ಮಾತ್ರ ತೆಗೆದುಕೊಳ್ಳೋಣ. ಅದರ ಹಿಂದೆ 10 ಮೀಟರ್ ಆಳದ ನೀರು ನಿಂತಿದೆ. ನೀರಿನ ಒತ್ತಡ ಮೇಲೆ ಸೊನ್ನೆ, ಕೆಳಗೆ ಹೋದಂತೆ ಹೆಚ್ಚು. ಗುರುತ್ವ ವೇಗೋತ್ಕರ್ಷ 10 ಎಂದು ಹಿಡಿದರೆ ಸರಾಸರಿ ಒತ್ತಡ 50,000 ಪ್ಯಾಸ್ಕಲ್. ಗೋಡೆಯ ವಿಸ್ತೀರ್ಣ 10 ಚದರ ಮೀಟರ್. ಆದ್ದರಿಂದ ನೀರು ತಳ್ಳುವ ಬಲ 5 ಲಕ್ಷ ನ್ಯೂಟನ್. ಹಿಂದಿನ ಕೆರೆ ಒಂದು ಮೈಲಿ ಉದ್ದ ಇರಲಿ, ಹತ್ತು ಮೈಲಿ ಇರಲಿ, ಈ ಬಲ ಬದಲಾಗುವುದಿಲ್ಲ. ಲೆಕ್ಕಕ್ಕೆ ಬರುವುದು ಆಳ ಮಾತ್ರ.

ಒತ್ತಡ ಕೆಳಗೇ ಹೆಚ್ಚಿರುವುದರಿಂದ ಈ ಬಲವೆಲ್ಲ ಬುಡದಿಂದ ಆಳದ ಮೂರನೇ ಒಂದು ಭಾಗದ ಎತ್ತರದಲ್ಲಿ ಬಿದ್ದಂತೆ ಎಣಿಸಬಹುದು, ಅಂದರೆ 3.33 ಮೀಟರ್. ಗೋಡೆ ಉರುಳುವುದಾದರೆ ನೀರಿಲ್ಲದ ಕಡೆಗೆ, ಆ ಕಡೆಯ ಬುಡದ ಅಂಚನ್ನು ಕೀಲು ಮಾಡಿಕೊಂಡು ಉರುಳುತ್ತದೆ. ಹಾಗೆ ಉರುಳಿಸಲು ನೋಡುವ ಟಾರ್ಕ್ 5 ಲಕ್ಷ × 3.33, ಸುಮಾರು 16.7 ಲಕ್ಷ ನ್ಯೂಟನ್ ಮೀಟರ್.

ಈಗ ನೀರಿನ ಆಳ 20 ಮೀಟರ್ ಮಾಡಿ. ಸರಾಸರಿ ಒತ್ತಡ ಎರಡು ಪಟ್ಟು, ವಿಸ್ತೀರ್ಣ ಎರಡು ಪಟ್ಟು, ಬುಡದಿಂದ ದೂರವೂ ಎರಡು ಪಟ್ಟು. ಒಟ್ಟು ಟಾರ್ಕ್ ಎಂಟು ಪಟ್ಟು, ಸುಮಾರು 133 ಲಕ್ಷ. ಮಳೆಗಾಲದಲ್ಲಿ ಪತ್ರಿಕೆಗಳಲ್ಲಿ ಕೆಆರ್‌ಎಸ್ ಮಟ್ಟ ಓದುತ್ತೀರಲ್ಲ, ಪೂರ್ಣ ಮಟ್ಟ 124.80 ಅಡಿ. ಅದನ್ನು ಸ್ಥೂಲವಾಗಿ ಬುಡದಿಂದ ಅಳೆದ ಆಳವೆಂದು ಹಿಡಿದರೆ, ನೀರು 100 ಅಡಿಯಿಂದ 124.80 ಅಡಿಗೆ ಏರುವಷ್ಟರಲ್ಲಿ ಉರುಳಿಸುವ ಟಾರ್ಕ್ ಹೆಚ್ಚುಕಡಿಮೆ ಎರಡು ಪಟ್ಟಾಗಿರುತ್ತದೆ. ಏರಿದ್ದು ಕಾಲು ಭಾಗವೂ ಅಲ್ಲ ಅನ್ನುವಂತೆ ಕಂಡರೂ ಬುಡಕ್ಕೆ ಬೀಳುವ ಹೊರೆ ಇಮ್ಮಡಿ.

ಇದನ್ನು ತಡೆಯುವುದು ಯಾವುದು? ಗೋಡೆಯ ಸ್ವಂತ ತೂಕ. ಅದು ಅದೇ ಅಂಚಿನ ಸುತ್ತ ಎದುರು ದಿಕ್ಕಿಗೆ ಟಾರ್ಕ್ ಕೊಡುತ್ತದೆ. 10 ಮೀಟರ್ ಎತ್ತರ, 5 ಮೀಟರ್ ದಪ್ಪದ ನೇರ ಕಲ್ಲುಗೋಡೆ ಇದೆ, ಅದರ ಸಾಂದ್ರತೆ ಪ್ರತಿ ಘನ ಮೀಟರಿಗೆ 2400 ಕಿಲೋಗ್ರಾಂ ಎಂದುಕೊಳ್ಳಿ. ಒಂದು ಮೀಟರ್ ಉದ್ದದ ತುಂಡಿನ ತೂಕ 12 ಲಕ್ಷ ನ್ಯೂಟನ್. ತೂಕದ ಗೆರೆ ಅಂಚಿನಿಂದ ಎರಡೂವರೆ ಮೀಟರ್ ದೂರ. ತಡೆಯುವ ಟಾರ್ಕ್ 30 ಲಕ್ಷ. ಉರುಳಿಸುವುದು 16.7 ಲಕ್ಷ. ಗೋಡೆ ನಿಲ್ಲುತ್ತದೆ.

ಅದೇ 5 ಮೀಟರ್ ದಪ್ಪದ ಬುಡದ ಮೇಲೆ ಗೋಡೆಯನ್ನು 20 ಮೀಟರಿಗೆ ಎತ್ತರಿಸಿ ನೀರು ತುಂಬಿಸಿದರೆ? ತೂಕ ಎರಡು ಪಟ್ಟಾಗಿ 24 ಲಕ್ಷ. ದೂರ ಮೊದಲಿನಷ್ಟೇ. ತಡೆಯುವ ಟಾರ್ಕ್ 60 ಲಕ್ಷ. ಉರುಳಿಸುವುದು 133 ಲಕ್ಷ. ಗೋಡೆ ಮಗುಚುತ್ತದೆ. ಬುಡವನ್ನು 10 ಮೀಟರ್ ಮಾಡಿದರೆ ತೂಕ 48 ಲಕ್ಷ, ದೂರ 5 ಮೀಟರ್, ತಡೆಯುವ ಟಾರ್ಕ್ 240 ಲಕ್ಷ. ಗೋಡೆ ಮೊದಲಿನಷ್ಟೇ ಭದ್ರ. ಎತ್ತರ ಇಮ್ಮಡಿ ಬೇಕಿದ್ದರೆ ಬುಡವೂ ಇಮ್ಮಡಿ ಇರಬೇಕು ಎಂಬುದು ಇದರ ಸಾರ.

ನಿಜವಾದ ಅಣೆಕಟ್ಟಿನಲ್ಲಿ ಗೋಡೆ ಜಾರುವ ಭಯವೂ ಇದೆ, ಬುಡದ ಕೆಳಗೆ ನುಸುಳಿದ ನೀರು ಮೇಲಕ್ಕೆ ಒತ್ತುವ ಬಲವೂ ಇದೆ. ಎಂಜಿನಿಯರುಗಳು ಇವನ್ನೆಲ್ಲ ಲೆಕ್ಕ ಹಾಕುತ್ತಾರೆ. ಆದರೆ ಮೊದಲ ಹೆಜ್ಜೆ ನಾವು ಈಗ ಮಾಡಿದ್ದೇ.

ಕನ್ನಂಬಾಡಿಯ ತಳಪಾಯ

ಈಗ ಕಥೆಗೆ ಬರೋಣ. ಮೈಸೂರು ಕಟ್ಟಲು ಬಯಸಿದ್ದು 41.5 ಟಿಎಂಸಿ ನೀರು ನಿಲ್ಲಿಸುವ ಅಣೆಕಟ್ಟು. ಕೆಳಗಿನ ಮದರಾಸು ಪ್ರಾಂತ ತನ್ನ ರೈತರಿಗೆ ನೀರು ಕಡಿಮೆಯಾಗುತ್ತದೆಂದು ಆಕ್ಷೇಪಿಸಿತು. ಅದಕ್ಕೂ ಮೆಟ್ಟೂರಿನಲ್ಲಿ ದೊಡ್ಡ ಜಲಾಶಯ ಕಟ್ಟುವ ಯೋಜನೆಯಿತ್ತು. ಮಾತು ಬ್ರಿಟಿಷ್ ಭಾರತ ಸರ್ಕಾರದ ಮುಂದೆ ಹೋಯಿತು. ಮೈಸೂರಿಗೆ ಸಿಕ್ಕಿದ್ದು 11 ಟಿಎಂಸಿ ಮಾತ್ರ ನಿಲ್ಲಿಸುವ, ತಗ್ಗಿನ ಅಣೆಕಟ್ಟಿಗೆ ಅನುಮತಿ.

ತಗ್ಗಿನ ಗೋಡೆಗೆ ಕಿರಿದಾದ ಬುಡ ಸಾಕು, ಖರ್ಚೂ ಕಡಿಮೆ. ಆದರೆ ಬುಡ ಕಿರಿದಾದರೆ ಆ ಗೋಡೆಯನ್ನು ಮುಂದೆಂದೂ ಹಾಗೇ ಎತ್ತರಿಸಲಾಗದು. ನಾವು ಈಗಷ್ಟೇ ಮಾಡಿದ ಲೆಕ್ಕ ಅದನ್ನೇ ಹೇಳಿತು. ಮೈಸೂರಿನವರು ತಳಪಾಯವನ್ನು ಮೊದಲಿನ ಪೂರ್ಣ ಯೋಜನೆಗೆ ಬೇಕಾದಷ್ಟು ಅಗಲಕ್ಕೇ ಹಾಕಿದರು. ಮದರಾಸು ಇದನ್ನು ಪ್ರಶ್ನಿಸಿತು. 1913-14ರಲ್ಲಿ ಪಂಚಾಯಿತಿ ನಡೆಯಿತು, 1914ರ ತೀರ್ಪಿನ ಮೇಲೂ ಜಗಳ ಮುಂದುವರಿಯಿತು. 1924ರಲ್ಲಿ ಎರಡೂ ಕಡೆಯವರು ಒಪ್ಪಂದ ಮಾಡಿಕೊಂಡ ಮೇಲೆ ಅಣೆಕಟ್ಟನ್ನು ಪೂರ್ಣ ಎತ್ತರಕ್ಕೆ ಒಯ್ಯುವ ದಾರಿ ತೆರೆಯಿತು. ಮದರಾಸಿಗೂ ಮೆಟ್ಟೂರು ಅಣೆಕಟ್ಟು ದಕ್ಕಿತು. ಅನುಮತಿ ಬಂದ ದಿನ ಕನ್ನಂಬಾಡಿಯಲ್ಲಿ ಬುಡ ಕೀಳಬೇಕಾಗಲಿಲ್ಲ. ಅಗಲ ಅಲ್ಲಿ ಮೊದಲೇ ಇತ್ತು.

ಕೆಳಗಿನವರ ಆತಂಕ ಸುಳ್ಳಾಗಿರಲಿಲ್ಲ. ಆ ನೀರಿನ ಜಗಳ ನಮ್ಮ ಕಾಲದವರೆಗೂ ಬಂದಿದೆ. ಜಲಾಶಯ ತುಂಬಿದಾಗ ಕನ್ನಂಬಾಡಿ ಊರು ಮುಳುಗಿ ಜನ ಬೇರೆ ಕಡೆ ಹೋಗಬೇಕಾಯಿತು. ಸುಣ್ಣ ಮತ್ತು ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ ಗಾರೆಯಲ್ಲಿ ಒಂದೊಂದೇ ಕಲ್ಲು ಕೂರಿಸಿದ ಸಾವಿರಾರು ಕೂಲಿಯವರ ಹೆಸರುಗಳು ಎಲ್ಲೂ ಉಳಿದಿಲ್ಲ. ದೊಡ್ಡವರ ಬದುಕನ್ನು ಓದುವಾಗ ಇವರನ್ನೂ ನೆನೆಯುವುದು ನ್ಯಾಯ.

ಎರಡೂ ಕಡೆಯ ತೂಕ

1912ರಲ್ಲಿ ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾದರು. ಆರು ವರ್ಷಗಳಲ್ಲಿ ಮೈಸೂರು ಬ್ಯಾಂಕ್, ಕನ್ನಡ ಸಾಹಿತ್ಯ ಪರಿಷತ್ತು, ಮೈಸೂರು ವಿಶ್ವವಿದ್ಯಾನಿಲಯ, ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಹುಟ್ಟಿದವು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ತಳಪಾಯ ಬಿತ್ತು.

1918ರಲ್ಲಿ ಅವರು ದಿವಾನಗಿರಿ ಬಿಟ್ಟರು. ಅದಕ್ಕೆ ಒಂದು ಮುಖ್ಯ ಕಾರಣವನ್ನು ಮರೆಮಾಡಬಾರದು. ಸರ್ಕಾರಿ ಹುದ್ದೆಗಳಲ್ಲಿ ತಮಗೂ ನ್ಯಾಯವಾದ ಪಾಲು ಬೇಕೆಂದು ಬ್ರಾಹ್ಮಣೇತರ ಸಮುದಾಯಗಳು ಕೇಳುತ್ತಿದ್ದವು. 1917ರಲ್ಲಿ ಹುಟ್ಟಿದ ಪ್ರಜಾಮಿತ್ರ ಮಂಡಳಿಯಲ್ಲಿ ಮುಸ್ಲಿಮರೂ ಇದ್ದರು. ಮಹಾರಾಜರು ಸರ್ ಲೆಸ್ಲಿ ಮಿಲ್ಲರ್ ಅವರ ಸಮಿತಿ ನೇಮಿಸಿದರು. ಅರ್ಹತೆಯೊಂದೇ ಅಳತೆಗೋಲಾಗಬೇಕೆಂಬ ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆಯಾಗಲಿಲ್ಲ. ಅರ್ಹತೆ ಗಳಿಸಲು ಎಲ್ಲರಿಗೂ ಒಂದೇ ಅವಕಾಶ ಇರಲಿಲ್ಲ ಎಂಬುದು ಇನ್ನೊಂದು ಕಡೆಯವರ ಮಾತು. ಮಿಲ್ಲರ್ ಸಮಿತಿಯ ಶಿಫಾರಸುಗಳಿಂದ ಮೈಸೂರಿನಲ್ಲಿ ಹಿಂದುಳಿದವರಿಗೆ ಬಾಗಿಲು ತೆರೆಯಿತು. ಇಂದು ನಮ್ಮಲ್ಲಿ ಅನೇಕರು ಅರ್ಜಿ ತುಂಬುವಾಗ ಬರೆಯುವ ಮೀಸಲಾತಿ ವರ್ಗದ ಹಿಂದೆ ಆ ಇತಿಹಾಸವಿದೆ. ಒಬ್ಬರನ್ನು ಗೌರವಿಸಲು ಅವರ ಎಲ್ಲ ಅಭಿಪ್ರಾಯಗಳನ್ನೂ ಒಪ್ಪಲೇಬೇಕೆಂದಿಲ್ಲ.

ಅವರು ಅಧಿಕಾರ ಬಿಟ್ಟಾಗ ಅಣೆಕಟ್ಟು ಪೂರ್ಣವಾಗಿರಲಿಲ್ಲ. ಮುಗಿದದ್ದು 1930ರ ದಶಕದ ಆರಂಭದಲ್ಲಿ, ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಅಣೆಕಟ್ಟಿನ ಕೆಳಗೆ ಬೃಂದಾವನ ಉದ್ಯಾನ ಮಾಡಿಸಿದವರೂ ಅವರೇ. ಒಬ್ಬ ದಿವಾನರು ಹಾಕಿಸಿದ ಬುಡದ ಮೇಲೆ ಇನ್ನೊಬ್ಬ ದಿವಾನರ ಕಾಲದಲ್ಲಿ ಗೋಡೆ ಪೂರ್ಣ ಎತ್ತರಕ್ಕೆ ನಿಂತಿತು. ವಿಶ್ವೇಶ್ವರಯ್ಯನವರಿಗೆ 1955ರಲ್ಲಿ ಭಾರತರತ್ನ ಬಂತು. ನೂರು ವರ್ಷ ಬದುಕಿ 1962ರ ಏಪ್ರಿಲಿನಲ್ಲಿ ಅವರು ಬೆಂಗಳೂರಿನಲ್ಲಿ ತೀರಿಕೊಂಡರು. ಅವರ ಸಮಾಧಿ ಇರುವುದು ಹುಟ್ಟಿದೂರು ಮುದ್ದೇನಹಳ್ಳಿಯಲ್ಲೇ.

ಮಾಡಿ ನೋಡಿ

ಲೆಕ್ಕಕ್ಕೆ ಕೂತಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ವಸ್ತು ಯಾವ ಬಿಂದುವಿನ ಸುತ್ತ ತಿರುಗುತ್ತದೆ? ಆ ಬಿಂದುವಿನಿಂದ ಪ್ರತಿ ಬಲದ ಗೆರೆಗೆ ಲಂಬ ದೂರ ಎಷ್ಟು? ಪ್ರತಿ ಬಲ ಗಡಿಯಾರದ ದಿಕ್ಕಿಗೆ ತಿರುಗಿಸುತ್ತದೋ, ಎದುರು ದಿಕ್ಕಿಗೋ? ಈ ಮೂರಕ್ಕೆ ಉತ್ತರ ಬರೆದ ಮೇಲೆ ಉಳಿಯುವುದು ಗುಣಾಕಾರ ಮಾತ್ರ. ಉತ್ತರದ ಮುಂದೆ ಜೂಲ್ ಎಂದು ಬರೆಯಬೇಡಿ, ಟಾರ್ಕ್‌ನ ಮಾನ ನ್ಯೂಟನ್ ಮೀಟರ್.

ಪ್ರಯೋಗಾಲಯದಲ್ಲಿ ಒಂದು ಮೀಟರ್ ಸ್ಕೇಲನ್ನು 50 ಸೆಂಟಿಮೀಟರ್ ಗುರುತಿನಲ್ಲಿ ದಾರ ಕಟ್ಟಿ ತೂಗುಹಾಕಿ. 10 ಸೆಂಟಿಮೀಟರ್ ಗುರುತಿನಲ್ಲಿ 100 ಗ್ರಾಂ ತೂಕದ ಬಟ್ಟು ಇಳಿಬಿಡಿ. 200 ಗ್ರಾಂ ಬಟ್ಟನ್ನು ಎಲ್ಲಿ ಇಟ್ಟರೆ ಸ್ಕೇಲ್ ಸಮವಾಗಿ ನಿಲ್ಲುತ್ತದೆ? ಮೊದಲು ಲೆಕ್ಕ ಹಾಕಿ, ಆಮೇಲೆ ಇಟ್ಟು ನೋಡಿ. ನಿಮ್ಮ ಉತ್ತರ 70 ಬಂದಿದ್ದರೆ ಏತದ ಆಳಿನ ಲೆಕ್ಕ ನಿಮಗೆ ಸಿಕ್ಕಿದೆ.

ಇನ್ನೊಂದು ಪ್ರಶ್ನೆ ಸ್ವಲ್ಪ ಕಷ್ಟದ್ದು. ಬುಡದಲ್ಲಿ 10 ಮೀಟರ್ ಅಗಲವಿದ್ದು ಮೇಲೆ ಹೋದಂತೆ ಕಿರಿದಾಗಿ ತುದಿಯಲ್ಲಿ ಚೂಪಾಗುವ, ನೀರಿನ ಕಡೆ ನೇರವಾಗಿ ನಿಂತ, 20 ಮೀಟರ್ ಎತ್ತರದ ತ್ರಿಕೋನ ಗೋಡೆಗೆ ತಡೆಯುವ ಟಾರ್ಕ್ ಎಷ್ಟು? ಕಲ್ಲು ಅರ್ಧದಷ್ಟೇ ಸಾಕು, ತೂಕ 24 ಲಕ್ಷ ನ್ಯೂಟನ್. ಆದರೆ ತೂಕದ ಗೆರೆ ಹೊರ ಅಂಚಿನಿಂದ 6.67 ಮೀಟರ್ ದೂರಕ್ಕೆ ಸರಿದಿದೆ, ಆದ್ದರಿಂದ ಟಾರ್ಕ್ 160 ಲಕ್ಷ. ಅರ್ಧ ಕಲ್ಲಿನಲ್ಲಿ ಮೂರನೇ ಎರಡು ಭಾಗದಷ್ಟು ತಡೆ. ಇಂಥ ಅಣೆಕಟ್ಟುಗಳು ಹೊರಗಿನ ಕಡೆ ಇಳಿಜಾರಾಗಿ ಯಾಕಿರುತ್ತವೆ ಎಂಬುದಕ್ಕೆ ಉತ್ತರ ಇದರಲ್ಲಿದೆ.

ಮುಂದಿನ ಸಲ ಕೆಆರ್‌ಎಸ್ ನೋಡಲು ಹೋದಾಗ ಹೂತೋಟ, ಕಾರಂಜಿಗಳ ಜೊತೆ ಆ ಗೋಡೆಯನ್ನೂ ಒಂದು ನಿಮಿಷ ನೋಡಿ. ನಮಗೆ ಕಾಣುವುದು ಎತ್ತರ. ಅದನ್ನು ಹಿಡಿದು ನಿಲ್ಲಿಸಿರುವುದು ಮಣ್ಣಿನೊಳಗೆ, ನೀರಿನಡಿಯಲ್ಲಿ ಕಾಣದೆ ಇರುವ ಅಗಲ. ಪಿಯುಸಿಯ ಎರಡು ವರ್ಷವೂ ಅಂಥದ್ದೇ. ಮುಂದೆ ಎಷ್ಟು ಎತ್ತರಕ್ಕೆ ಅನುಮತಿ ಸಿಗುತ್ತದೋ ಈಗ ಯಾರಿಗೂ ಗೊತ್ತಿಲ್ಲ. ಬುಡವನ್ನು ಮಾತ್ರ ಈಗಲೇ ಅಗಲವಾಗಿ ಹಾಕಿಕೊಳ್ಳಬಹುದು.